ಒಂಬತ್ತು ದಿನದ ಮುಯ್ಯಿ ಮನ್ನಾ ಮಾಡಬಾರದೆಂದು ಕೋರಿ

ದಿನಾಂಕ: ೧೪-೬-೧೯೬೭

ಇಂದ:
ಹುಲಿಯಪ್ಪ ಬಿನ್ ಗುತ್ಯಪ್ಪ,
ಸಾಗರದ ಅಕ್ಕಿ ಗಿರಣಿಯಲ್ಲಿ ಫಿಟ್ಟರ್,
ವಾಸ: ಹೊಳೆಕೊಪ್ಪ, ಹೊಸನಗರ ತಾಲ್ಲೂಕು.

ಗೆ:
ಶ್ರೀಮತಿ ಬಂಗಾರಮ್ಮನವರು,
ಸದರಿ ಹುಲಿಯಪ್ಪನ ಪಕ್ಕದ ಮನೆ, ಹೊಳೆಕೊಪ್ಪ.

ವಿಷಯ: ಪರರಾಜ್ಯಕ್ಕೆ ಹೋಗುವವನ ಬಾಕಿಯನ್ನು ಬಾಕಿಯಾಗಿಯೇ ಉಳಿಸುವ ಬಗ್ಗೆ.

ಉಲ್ಲೇಖ: ೧. ಕಳೆದ ವರ್ಷದ ನಾಟಿ. ೨. ಮೊನ್ನೆ ಭಾನುವಾರ ಜಗಲಿಯ ಮೇಲೆ ತಾವು ಆಡಿದ ಮಾತು.

ಮಾನ್ಯ ಚಿಕ್ಕಮ್ಮನವರೇ,

೧. ಅರ್ಜಿದಾರ ಹುಲಿಯಪ್ಪನಿಗೆ ಸಾಗರದಲ್ಲಿ ತಿಂಗಳಿಗೆ ಎಪ್ಪತ್ತು ರೂಪಾಯಿ. ಮಹಾರಾಷ್ಟ್ರ ರಾಜ್ಯದ ಕೊಲ್ಲಾಪುರದಲ್ಲಿ ಎಣ್ಣೆ ಎಂಜಿನು ಮಾಡುವ ಒಂದು ಕಾರ್ಖಾನೆಯವರು ಕೊಡುವುದು ನೂರ ನಲವತ್ತು. ಹೆಚ್ಚಾದ ಎಪ್ಪತ್ತರಲ್ಲಿ ಕೋಣೆ ಬಾಡಿಗೆ ಹದಿನೆಂಟು, ಸೌದೆಗೆ ಎಂಟು. ಅಲ್ಲಿ ಮಾರಾಟ ತೆರಿಗೆ ಜಾಸ್ತಿ, ಸಾಮಾನು ಊರೊಳಗೆ ಬಂದರೆ ಜಕಾತಿ ಬೇರೆ, ಅದಕ್ಕೆ ನಾಲ್ಕು. ಬಾಳೆ ಎಲೆಗೂ ಕಾಸು ಕೇಳುತ್ತಾರೆ. ಕೆಲಸ ನೋಡಿ ಬರಲು ಹೋದಾಗ ಅರ್ಜಿದಾರ ಅಂಗಡಿಯವನನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಅಂದಿನಿಂದ ಎಲೆಯ ಊಟದ ಆಸೆಯನ್ನೇ ಬಿಟ್ಟಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಉಳಿಯುವುದು ನಲವತ್ತು.

೨. ಜುಲೈ ಒಂದಕ್ಕೆ ಕೆಲಸಕ್ಕೆ ಹಾಜರಾಗಬೇಕು. ಕಾರಣ ಗೇಣಿ ಗದ್ದೆಯನ್ನು ಒಡೆಯರಿಗೆ ಒಪ್ಪಿಸಿ ಆಗಿದೆ. ಎಮ್ಮೆ ಮಾರಿ ಆಗಿದೆ. ಟ್ರಂಕು ಕಟ್ಟಿ ಆಗಿದೆ.

೩. ಕಳೆದ ವರ್ಷ ನಾಟಿಯ ಹೊತ್ತಿಗೆ ಅರ್ಜಿದಾರನ ಕೈ ಗಿರಣಿಯ ಬೆಲ್ಟಿಗೆ ಸಿಕ್ಕಿತ್ತು. ಹೆಂಡತಿ ಪುಷ್ಪಮ್ಮ ಹಸಿ ಬಾಳಂತಿ. ಸಸಿ ಬಲಿಯುತ್ತಿತ್ತು, ನೆಡುವವರಿರಲಿಲ್ಲ. ಆಗ ತಾವು ಯಾರೂ ಕರೆಯದೆ ಮಳೆಗೆ ಗೊರಬು ಹೊದ್ದು ಗದ್ದೆಗಿಳಿದು ಒಂಬತ್ತು ದಿನ ನೆಟ್ಟಿರುತ್ತೀರಿ.

೪. ಹೀಗೆ ಕೂಲಿಯಿಲ್ಲದೆ ದುಡಿದದ್ದನ್ನು ದಿನಕ್ಕೆ ದಿನ ದುಡಿದೇ ತೀರಿಸುವುದು ಊರಿನ ಮುಯ್ಯಿ. ಈ ಸಲ ತಮ್ಮ ಗದ್ದೆಯಲ್ಲಿ ಒಂಬತ್ತು ದಿನ ಅರ್ಜಿದಾರ ದಂಪತಿ ದುಡಿಯಬೇಕು. ಆದರೆ ನಾಟಿ ಶುರುವಾಗುವ ಹೊತ್ತಿಗೆ ಇವರು ಕೊಲ್ಲಾಪುರದಲ್ಲಿರುತ್ತಾರೆ.

೫. ಆದ್ದರಿಂದ ಅರ್ಜಿದಾರನು ಭಾನುವಾರ ತಮ್ಮ ಜಗಲಿಗೆ ಬಂದು, ದಿನಕ್ಕೆ ಎರಡು ರೂಪಾಯಿಯಂತೆ ಹದಿನೆಂಟು ರೂಪಾಯಿ ಎಣಿಸಿಟ್ಟನು. ಊರಲ್ಲಿ ನಾಟಿ ಹೆಂಗಸಿಗೆ ಒಂದೂಕಾಲು ನಡೆಯುತ್ತಿದ್ದು, ಮುಕ್ಕಾಲು ಹೆಚ್ಚು ಕೊಟ್ಟರೆ ಚಿಕ್ಕಮ್ಮ ಸಂತೋಷಪಡುತ್ತಾರೆಂದು ಅವನ ಎಣಿಕೆ. ಎಣಿಕೆ ತಪ್ಪಿತು.

೬. ತಾವು ಹೇಳಿದ್ದು: "ಕೂಲಿಗೆ ಬಂದಿದ್ನೇನಾ ನಾನು? ಹಂಗಿದ್ರೆ ಆವತ್ತೇ ಹೇಳ್ಬೇಕಿತ್ತು, ಮಳೇಲಿ ನಿಂತು ರೇಟ್ ಮಾತಾಡ್ತಿದ್ದೆ. ತಗಂಡ್ಹೋಗು ನಿನ್ ದುಡ್ಡು. ಒಂಬತ್ತು ದಿನಾನೂ ಮನ್ನಾ ಮಾಡಿದೀನಿ. ನಿಂಗೂ ನಂಗೂ ಎಂತದೂ ಇಲ್ಲ."

೭. ಅಂದಿನಿಂದ ತಾವು ಬೇಲಿಯ ಹತ್ತಿರ ಬಂದಿರುವುದಿಲ್ಲ. ಹುಟ್ಟಿದ ದಿನದಿಂದ ಮಗುವಿಗೆ ತಾವೇ ನೀರು ಹಾಕುತ್ತಿದ್ದು, ಈಗ ಪುಷ್ಪಮ್ಮ ಹಾಕಿದರೆ ಅದು ಊರು ಕೇಳುವಂತೆ ಅಳುತ್ತದೆ. ತಮಗೂ ಕೇಳಿಸಿರಬೇಕು.

೮. ಪುಷ್ಪಮ್ಮನೂ ತಮ್ಮ ಕಡೆಗೇ ಸೇರಿರುತ್ತಾಳೆ. "ನೀವು ಹೋಗಿ ಬನ್ನಿ. ಚಿಕ್ಕಮ್ಮ ಮಾತಾಡಿದ ದಿನ ನಾನೂ ಮಗನೂ ಬರ್ತೀವಿ. ಅಲ್ಲೀವರೆಗೆ ಟ್ರಂಕು ಇಲ್ಲೇ ಇರ್ಲಿ" ಎಂದು ಅದರ ಮೇಲೆ ಕುಳಿತಿದ್ದಾಳೆ.

೯. ಸಾಲ ಮನ್ನಾ ಆಗಲೆಂದು ಸರ್ಕಾರಕ್ಕೆ ಬರೆಯುವವರು ದಿನಕ್ಕೆ ಹತ್ತು ಮಂದಿ. ಅರ್ಜಿದಾರನಿಗೂ ಮೊದಲು ಒಂಬತ್ತು ದಿನ ಉಳಿಯಿತೆಂದೇ ಅನಿಸಿತ್ತು. ಮನೆಗೆ ಬಂದು ಉಂಡು ಮಲಗಿದ ಮೇಲೆ ತಿಳಿಯಿತು: ಬಾಕಿ ಇದ್ದರೆ ಊರಿಗೆ ಬರಲು ಕಾರಣವಿರುತ್ತದೆ, ಗದ್ದೆ ಹೋಗಿ, ಎಮ್ಮೆ ಹೋಗಿ, ಈಗ ಬಾಕಿಯೂ ಹೋದರೆ ಹೊಳೆಕೊಪ್ಪದಲ್ಲಿ ತನ್ನದೆಂದು ಹೇಳಲು ಏನೂ ಉಳಿಯುವುದಿಲ್ಲ. ಅಲ್ಲಿಯ ತೆರಿಗೆಯನ್ನು ದುಡ್ಡಲ್ಲಿ ಕಟ್ಟಬಹುದು. ಇಲ್ಲಿಯದನ್ನು ಮೈಯಿಂದಲೇ ಕಟ್ಟಬೇಕು, ಬೇರೆ ದಾರಿಯಿಲ್ಲ.

ಈ ಎಲ್ಲ ಕಾರಣಗಳಿಂದ, ಸದರಿ ಮನ್ನಾವನ್ನು ರದ್ದುಪಡಿಸಿ ಒಂಬತ್ತು ದಿನವನ್ನೂ ಬಾಕಿಯಲ್ಲೇ ಇಡಬೇಕಾಗಿ ಕೋರಿಕೆ. ಬರುವ ವರ್ಷದಿಂದ ಪ್ರತಿವರ್ಷ ನಾಟಿಗೆ ರಜೆ ಹಾಕಿ ಬಂದು, ಅರ್ಜಿದಾರನು ಸಸಿ ಕಿತ್ತು, ಪುಷ್ಪಮ್ಮ ನೆಟ್ಟು, ಮೂರು ಮೂರು ದಿನದಂತೆ ತೀರಿಸುವರು. ಆ ದಿನಗಳಲ್ಲಿ ಊಟ, ನಿದ್ದೆ ತಮ್ಮ ಮನೆಯಲ್ಲೇ ಆಗುವುದರಿಂದ ಬಾಕಿ ಇಳಿಯುವ ಬದಲು ಏರುವ ಸಂಭವವಿದೆ. ಅದಕ್ಕೆ ಅರ್ಜಿದಾರನ ಆಕ್ಷೇಪಣೆಯಿಲ್ಲ.

ಭಾನುವಾರದ ತನಕ ತಮ್ಮ ವಿಶ್ವಾಸಿಯಾಗಿದ್ದ,
ಮುಂದೆಯೂ ಆಗಿರಬೇಕೆಂದಿರುವ,
ಹುಲಿಯಪ್ಪ (ರುಜು)

ಬಿಕ್ಕಲಂ: ಮಂಜಯ್ಯ, ಅರ್ಜಿ ಬರಹಗಾರ, ತಾಲ್ಲೂಕು ಕಚೇರಿ ಎದುರು, ಹೊಸನಗರ. ಖುದ್ದಾಗಿ ಬಂದು ಓದಿ ಹೇಳಲು ಒಪ್ಪಿರುತ್ತೇನೆ.

ಲಗತ್ತುಗಳು:
೧. ಕಾರ್ಖಾನೆಯವರ ಕಾಗದ. ಮರಾಠಿಯಲ್ಲಿದೆ, ಸಂಬಳದ ಅಂಕಿಯನ್ನು ಮಾತ್ರ ಓದಬಹುದು.
೨. ಪುಷ್ಪಮ್ಮ ಕಳಿಸಿದ ಅವಲಕ್ಕಿ, ಒಂದು ಸೇರು. ಇದು ಯಾವ ಬಾಕಿಗೂ ಜಮಾ ಅಲ್ಲ.
೩. ಹದಿನೆಂಟು ರೂಪಾಯಿ: ಲಗತ್ತಿಸಿಲ್ಲ. ಲಗತ್ತಿಸಿದರೆ ಅವಲಕ್ಕಿಯೂ ವಾಪಸು ಬರುವುದೆಂದು ಬರಹಗಾರರ ಅಭಿಪ್ರಾಯ.

ವಿಶೇಷ ಸೂಚನೆ: ಅರ್ಜಿ ಮಂಜೂರಾದರೆ ಅರ್ಜಿದಾರನಿಗೆ ದೊರೆಯುವುದು ಹೆಂಡತಿ, ಮಗು, ಒಂಬತ್ತು ದಿನದ ಬಾಕಿ ಮತ್ತು ತಿಂಗಳಿಗೆ ನಲವತ್ತು ರೂಪಾಯಿ. ನಾಮಂಜೂರಾದರೆ ನಲವತ್ತು ರೂಪಾಯಿ ಮಾತ್ರ. ಆದ್ದರಿಂದ ಪರಿಶೀಲಿಸಿ ಆದೇಶ ನೀಡಬೇಕಾಗಿ ವಿನಂತಿ.