ಗುರುಶಿದ್ದಪ್ಪ ಬೆಳ್ಳಕ್ಕಿ ಹಾರಿಸಿದ್ದು

“ಒಂದು ವಾರದಾಗ ಹಾರಿಸಿ ತೋರಸ್ತೇನಿ, ಇಲ್ಲಂದ್ರ ನನ್ನ ಹೆಸರು ಗುರುಶಿದ್ದಪ್ಪ ಅಲ್ಲ!”

ಹುಬ್ಬಳ್ಳಿಯ ಝೂನಲ್ಲಿ ಹಕ್ಕಿಗಳಿಗೆ ಮೇವು ಹಾಕುವ ಗುರುಶಿದ್ದಪ್ಪ ಹೀಗೆ ಗರ್ಜಿಸಿದ್ದು, ಅಂಗೈಯಗಲದ ಬೆಳ್ಳಕ್ಕಿ ಮರಿಯೊಂದನ್ನು ಎತ್ತಿ ಹಿಡಿದು. ಬಿರುಗಾಳಿಗೆ ಅದು ಪಂಜರಗಳ ಮೇಲಿನ ಮರದಿಂದ ಉದುರಿತ್ತು.

ಜೊತೆಗಾರ ಮುಷರಫ ತಲೆಯಾಡಿಸಿದ. “ಅಣ್ಣಾರ, ಇದು ಪಂಜರದ್ದಲ್ರಿ. ಗಿಡಕ್ಕ ಬಂದ ಬೀಗರ ಹಕ್ಕಿ. ಇದಕ್ಕ ಇಲ್ಲಿ ರೇಶನ್ ಇಲ್ಲ.”

“ಹಂಗಾರ ಮನಿಗೆ ಒಯ್ತೇನಿ!”

ಮನೆಯಲ್ಲಿ ನಿತ್ಯ ಲಿಂಗಪೂಜೆ. ಹೆಂಡತಿ ದಾಕ್ಷಾಯಿಣಿಯ ಮೊದಲ ಪ್ರಶ್ನೆಯೇ, “ಇದು ಏನ ತಿಂತೈತ್ರಿ?”

“ರೊಟ್ಟಿ!” ಎಂದ ನಮ್ಮ ಶೂರ. ಮೀನಿನ ಡಬ್ಬಿ ಆಗಲೇ ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಅಡಗಿತ್ತು.

ಮರುದಿನ ಶಿರಗುಪ್ಪಿಯಿಂದ ಅವನ ಅಕ್ಕ ದೇವಕ್ಕ ಬಂದಳು. ಊಟಕ್ಕೆ ಮೊಸರು ತೆಗೆಯಲು ಹೋಗಿ ತಪ್ಪು ಡಬ್ಬಿ ತೆರೆದಳು. ಮೀನುಗಳೆಲ್ಲ ಕಣ್ಣು ಬಿಟ್ಟು ಅವಳನ್ನೇ ನೋಡಿದವು! ಉಣ್ಣದೆ, ಚಪ್ಪಲಿ ಕೈಯಲ್ಲೇ ಹಿಡಿದು ಬಸ್ಸು ಹತ್ತಿದಳು.

“ನಿಮ್ಮನ್ನೂ ಹಕ್ಕೀನ್ನೂ ಕೂಡೇ ಹೊರಗ ಹಾಕ್ತೇನಿ!” ಮಧ್ಯಾಹ್ನ ಊಟಕ್ಕೆ ಬಂದಿದ್ದ ಗಂಡನ ಮೇಲೆ ದಾಕ್ಷಾಯಿಣಿ ಗುಡುಗಿದಳು. ಅಷ್ಟರಲ್ಲಿ ಮರಿ ಅವಳ ಸೀರೆಯ ನೆರಿಗೆ ಎಳೆದು, ಹಸಿದ ಬಾಯಿ ಅಗಲಿಸಿತು. ಬೈಗುಳ ಅಲ್ಲಿಗೇ ನಿಂತಿತು. ಸಂಜೆ ಗುರುಶಿದ್ದಪ್ಪ ಮನೆಗೆ ಬಂದಾಗ ಅವಳು ಮೂಗಿಗೆ ಸೆರಗು ಕಟ್ಟಿ, ಇಕ್ಕಳದಲ್ಲಿ ಮೀನು ಹಿಡಿದು, “ತಿನ್ನವ್ವಾ, ತಿನ್ನು” ಎನ್ನುತ್ತಿದ್ದಳು.

ವಾರ ಮುಗಿಯಿತು. ಗುರುಶಿದ್ದಪ್ಪನಿಗೆ ಮಾತು ಉಳಿಸಿಕೊಳ್ಳುವ ಅವಸರ.

“ರೆಕ್ಕಿ ಇನ್ನೂ ಬಲತಿಲ್ರಿ. ಸ್ವಲ್ಪ ತಡೀರಿ,” ಎಂದಳು ಅವಳು.

“ಹಕ್ಕಿ ವಿಷಯ ನನಗ ಕಲಸ್ತೀ ಏನು?”

ಮಾಳಿಗೆ ಹತ್ತಿ ಮರಿಯನ್ನು ಗಾಳಿಗೆ ತೂರಿಯೇಬಿಟ್ಟ. ಅದು ರೆಕ್ಕೆ ಬಡಿಯಿತು, ಬಡಿಯಿತು, ಅಂಗಳದ ಕಲ್ಲಿಗೆ ಬಿತ್ತು. ದಾಕ್ಷಾಯಿಣಿ ಓಡಿ ಎತ್ತಿಕೊಂಡಳು. ಅವಳ ಮಡಿಲಲ್ಲೇ ಅದರ ಕತ್ತು ವಾಲಿತು.

ಅವಳು ಮರಿಯನ್ನು ಅವನ ಕೈಗಿಟ್ಟು ಒಳಗೆ ಹೋದಳು. ಬೈದಿದ್ದರೆ ಗುರುಶಿದ್ದಪ್ಪ ಬದುಕಿಕೊಳ್ಳುತ್ತಿದ್ದ! ದಾಸವಾಳದ ಬುಡದಲ್ಲಿ ತಾನೇ ಕುಣಿ ತೋಡಿ, ತಾನೇ ಮಣ್ಣು ಮುಚ್ಚಿ, ಕತ್ತಲಾಗುವವರೆಗೆ ಅಲ್ಲೇ ಕೂತ.

ಬೆಳಗ್ಗೆ ಝೂನಲ್ಲಿ ಮುಷರಫ ಕೇಳಿದ, “ಹಾರಿ ಹೋತೇನ್ರಿ ಅಣ್ಣಾರ?”

“ಹೂಂ... ಹೋತು.”

“ಶಾಬಾಸ್! ಹಂಗಾರ ತಗೋರಿ, ಮತ್ತ ಎರಡು ಬಿದ್ದಾವು!”

ಎರಡು ಬೆಚ್ಚನೆಯ ಮರಿಗಳು ಗುರುಶಿದ್ದಪ್ಪನ ಮಡಿಲಿಗೆ ಬಂದವು. ಅವನು ಮನೆಗೆ ಫೋನ್ ಮಾಡಿ ವಿಷಯ ಹೇಳಿದ.

“ಕರಕೊಂಡ ಬರ್ರಿ,” ಎಂದಳು ದಾಕ್ಷಾಯಿಣಿ. “ಆದರ ಮಾಳಗಿ ಕೀಲಿ ಇನ್ನ ಮ್ಯಾಲೆ ನನ್ನ ಕಡೆನೇ ಇರತೈತಿ.”