ಗಾಳಿಗೆ ಅಡ್ಡ ಕೂತವರು

ಬೆಸುಗೆಯಲ್ಲಿ ತೂತು ಯಾಕೆ ಬಿತ್ತು ಅಂತ ಹುಡುಕಲು ಹೊರಟಾಗಲೆಲ್ಲ ನಾನು ನಗೆಪಾಟಲಾಗಿದ್ದೇನೆ. ಕಾನಹೊಸಹಳ್ಳಿಯ ಹೈವೇ ಪಕ್ಕ ನನ್ನ ವೆಲ್ಡಿಂಗ್ ಅಂಗಡಿ. ಕಬ್ಬಿಣದ ಪೈಪಿನಲ್ಲಿ ಮಂಚ, ಉಯ್ಯಾಲೆ, ಗೇಟು ಮಾಡುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಅಂಗಡಿಗೆ ಬಂದವರ ಜೊತೆ ಆಡಿದ್ದೇ ದಿನದ ಮಾತು. ಹೀಗಾಗಿ ಯಾರಾದರೂ ನನ್ನನ್ನು ನೋಡಿ ನಕ್ಕರೂ, ಸದ್ಯ ಬಂದರಲ್ಲ ಅಂತ ಸಮಾಧಾನ.

೧. ಫ್ಯಾನು

ತೆಳು ಪೈಪಿಗೆ ಒಳ್ಳೆಯದು ಅಂತ ಮಿಗ್ ಅನ್ನುವ ವೆಲ್ಡಿಂಗ್ ಮಷೀನು ತಂದೆ. ತಂತಿ ಕರಗುವಾಗ ಸುತ್ತ ಗ್ಯಾಸು ನಿಂತು, ಹೊರಗಿನ ಗಾಳಿ ತಾಗದಂತೆ ಕಾಯುತ್ತದೆ. ಮೊದಲ ವಾರವೇ ಬೆಸುಗೆ ತುಂಬ ತೂತು. ತಂತಿ ಬದಲಿಸಿದೆ, ನಾಝಲ್ ಉಜ್ಜಿದೆ, ಸೋರುತ್ತದೇನೋ ಅಂತ ಗ್ಯಾಸಿನ ಪೈಪಿಗೆ ಸೋಪಿನ ನೀರು ಹಚ್ಚಿ ನೋಡಿದೆ. ಕೊನೆಗೆ ಸಿಲಿಂಡರನ್ನು ಕೂಡ್ಲಿಗಿಗೆ ಹೊತ್ತೊಯ್ದು ಗ್ಯಾಸಿನವನ ಜೊತೆ ಜಗಳಕ್ಕೆ ಬಿದ್ದೆ.

"ಬ್ಯಾಸಗಿ ಐತಿ, ಫ್ಯಾನ್ ಹಾಕ್ಕೊಂತೀರೇನ್ರಿ?" ಅಂದ ಅವನು.

"ಹೂಂ ಮತ್ತ. ಎದುರಿಗೇ ಇಟ್ಟೀನಿ."

"ಹಂಗಾದ್ರ ನನ್ನ ಗ್ಯಾಸು ಬಳ್ಳಾರಿ ಮುಟ್ಟೈತಿ. ಅಲ್ಲೇ ಹೋಗಿ ಜಗಳ ಮಾಡ್ರಿ."

೨. ಎಣ್ಣೆ

ನಮ್ಮ ಕಡೆಯದೇ ಅರಸೀಕೆರೆಯ ಅಜ್ಜಿಯೊಬ್ಬಳು ತೊಟ್ಟಿಲು ಮಾಡಿಸಲು ತಾನೇ ಪೈಪು ತಂದಳು. ಫ್ಯಾನು ಬಂದ್ ಮಾಡಿದ್ದೆ, ಆದರೂ ಬೆಸುಗೆ ದೋಸೆಯ ಹಾಗೆ ತೂತು ತೂತು. ಪೈಪು ಮುಟ್ಟಿದರೆ ಕೈ ಜಾರಿತು.

"ಯವ್ವಾ, ಇದಕ್ಕ ಎಣ್ಣಿ ಹಚ್ಚೀಯೇನು?"

"ತುಕ್ಕು ಹಿಡಿಬಾರದಂತ ಹರಳೆಣ್ಣಿ ಹಚ್ಚೀನಪ್ಪ."

"ಎಣ್ಣಿ ಹಚ್ಚಿದ್ರ ತೂತು ಬೀಳ್ತಾವಬೇ!"

ಅಜ್ಜಿ ನನ್ನನ್ನು ಕೆಳಗಿನಿಂದ ಮೇಲೆ ನೋಡಿದಳು. "ದಿನಾ ಮೊಮ್ಮಗನಿಗೂ ಅದನ್ನೇ ಹಚ್ತೀನಿ. ಅವನಿಗೊಂದೂ ತೂತು ಬಿದ್ದಿಲ್ಲ."

೩. ಷಟರ್

ಫ್ಯಾನು ನಿಲ್ಲಿಸಬಹುದು, ಹೈವೇ ಲಾರಿಗಳ ಗಾಳಿ ನಿಲ್ಲಿಸುವುದು ಹೇಗೆ? ಷಟರ್ ಇಳಿಸಿದೆ. ಹೊಗೆ ಹೋಗಲು ಮಾಡಿನ ಕಿಂಡಿ ಸಾಕಾಯಿತು. ತೂತು ನಿಂತವು, ಜನ ಬರುವುದೂ ನಿಂತಿತು. ಅಂಗಡಿ ಮುಚ್ಚಿದೆ ಅಂತ ಎಲ್ಲರೂ ಮುಂದೆ ಹೋಗುತ್ತಿದ್ದರು. ಒಳಗೆ ನಾನು ಮಷೀನಿಗೆ "ಚಾ ಕುಡಿಯೋಣೇನು?" ಅಂತ ಕೇಳುವ ಮಟ್ಟಕ್ಕೆ ಬಂದಿದ್ದೆ.

ಒಂದು ದಿನ ಯಾರೋ ಷಟರ್ ಬಡಿದರು. ದಿನಾ ಪೇಪರ್ ಓದಲು ಬರುತ್ತಿದ್ದ ರಿಟೈರ್ಡ್ ಕಂಡಕ್ಟರು. "ತಮ್ಮಾ, ನನ್ನ ಮ್ಯಾಲೆ ಸಿಟ್ಟೇನು?"

ಗಾಳಿಯ ಕಥೆ ಹೇಳಿದೆ. ಅವರು ಷಟರ್ ಪೂರ್ತಿ ಎತ್ತಿ, ಗಾಳಿ ಬರುವ ಕಡೆಗೆ ಖುರ್ಚಿ ಹಾಕಿ, ಬೆನ್ನು ಕೊಟ್ಟು ಕೂತರು. ದೊಡ್ಡ ದೇಹ. ಅಂದಿನ ಬೆಸುಗೆಯಲ್ಲಿ ಒಂದೂ ತೂತಿಲ್ಲ. ಮರುದಿನವೂ ಬಂದರು, ಅದರ ಮರುದಿನವೂ.

ಹೋದ ವಾರ ಅವರು ಕೊಟ್ಟೂರಿಗೆ ಮಗಳ ಮನೆಗೆ ಹೋದರು. ನಾನು ಮತ್ತೆ ಷಟರ್ ಇಳಿಸಿದೆ. ಕೆಲಸ ಚೆನ್ನಾಗಿಯೇ ನಡೆಯಿತು, ಒಂದೂ ತೂತಿಲ್ಲ. ಆದರೆ ನಾಲ್ಕು ದಿನ ಯಾರ ದನಿಯೂ ಕೇಳಲಿಲ್ಲ. ಅವರಿಗೆ ಫೋನ್ ಮಾಡಿದೆ.

"ಯಾವಾಗ ಬರ್ತೀರಿ ಅಣ್ಣಾ?"

"ಯಾಕ, ಬ್ಯಾಸರಾತೇನು?"

"ಛೇ ಛೇ, ಹಂಗೇನಿಲ್ರಿ. ತೂತು ಬೀಳಾಕತ್ಯಾವ."

"ಷಟರ್ ಹಾಕ್ಕೋ."

"ಹಾಕೀನ್ರಿ."

"ಷಟರ್ ಹಾಕಿದ ಮ್ಯಾಲೆ ಗಾಳಿ ಎಲ್ಲಿಂದ ಬರ್ತೈತೋ?"

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಅವರೇ ಅಂದರು: "ನಾಳೆ ಮೊದಲ ಬಸ್ಸಿಗೆ ಬರ್ತೀನಿ. ಸೀಟು ಹಿಡಿದಿಡು."

ಯಾರೂ ಇಲ್ಲದ ಅಂಗಡಿಯಲ್ಲಿ, ಇದ್ದ ಒಂದೇ ಖುರ್ಚಿಯ ಮೇಲೆ ಟವೆಲ್ ಹಾಕಿಟ್ಟೆ.