ಲಟ್ಟಣಿಗೆ ಗುರುತಿನ ನಮ್ಮ ಬೀಗರು

ಚುನಾವಣೆ ಬಂದಾಗ ನಮ್ಮ ಓಣಿಯಲ್ಲಿ ಹೀಗೆಲ್ಲ ಆಗುವುದು ಹೊಸದಲ್ಲ. ವರ್ಷವೆಲ್ಲ ಶಾಣ್ಯಾತನದಿಂದ ಇದ್ದವರು ಕೂಡ ಪ್ರಚಾರದ ಆಟೋದ ಮೈಕು ಒದರಿದ್ದೇ ತಡ, ಒಂದು ಸುತ್ತು ಬುದ್ಧಿ ತಪ್ಪುತ್ತಾರೆ. ನಾನು ಹಳ್ಳಿ ಸಾಲಿಯಲ್ಲಿ ಕಲಿತವನು. ಮುಂಜಾನೆ ಲಿಂಗಪೂಜೆ, ಮಧ್ಯಾಹ್ನ ರೊಟ್ಟಿ, ಸಂಜೆ ಗುಡಿಯ ಕಟ್ಟೆ, ಇಷ್ಟರೊಳಗೆ ನನ್ನ ದಿನ ಮುಗಿಯುತ್ತದೆ. ರಾಜಕಾರಣ ನಮ್ಮ ಹೊಸ್ತಿಲು ದಾಟಲಾರದು ಎಂದು ತಿಳಿದಿದ್ದೆ. ಈ ಸಲದ ಹುಬ್ಬಳ್ಳಿ-ಧಾರವಾಡ ಪಾಲಿಕೆ ಚುನಾವಣೆಯಲ್ಲಿ ಅದು ದಾಟಿತು. ದಾಟಿದ್ದಷ್ಟೇ ಅಲ್ಲ, ಬೀಗತನ ಹೇಳಿಕೊಂಡು ಪಡಸಾಲೆಯಲ್ಲಿ ಕುಳಿತು ಚಹಾನೂ ಕುಡಿಯಿತು.

ಎರಡೂ ಸಲ ಬಲಕ್ಕೆ ಬಿದ್ದ ಹೂ

ನಮ್ಮ ಮಗಳನ್ನು ಕೊಟ್ಟದ್ದು ಧಾರವಾಡಕ್ಕೆ. ಬೀಗರು ಮೆಣಸಿನಕಾಯಿ ದಲಾಲಿಗಳು. ಮನೆ ಧಾರವಾಡದಲ್ಲಿ, ಅಂಗಡಿ ನಮ್ಮ ಹುಬ್ಬಳ್ಳಿಯಲ್ಲಿ, ಮನಸ್ಸು ಮಾತ್ರ ಮೊದಲಿನಿಂದಲೂ ಒಂದು ಪಕ್ಷದ ಕಚೇರಿಯಲ್ಲಿ. ಆ ಪಕ್ಷದ ಬಾವುಟ ಹಿಡಿದು ಹಿಡಿದು ಕೂದಲು ಹಣ್ಣಾದವು. ಈ ಸಲ ಟಿಕೆಟ್ ಸಿಕ್ಕೇ ಸಿಗುತ್ತದೆ ಎಂದು ಹೊಸ ಧೋತರ ತಂದಿಟ್ಟುಕೊಂಡಿದ್ದರು. ಅವರ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಬೇರೆ ವಾರ್ಡಿಗೂ ಟಿಕೆಟ್ ಬರಲಿಲ್ಲ. ಸಿಟ್ಟಿಗೆದ್ದ ಬೀಗರು ನಮ್ಮ ಮನೆಗೆ ಬಂದು ಹೇಳಿದರು:

“ಬೀಗರ, ನಿಮ್ಮ ವಾರ್ಡಿನ್ಯಾಗ ಪಕ್ಷೇತರ ನಿಲ್ಲಾಕತ್ತೇನಿ. ನಿಮ್ಮ ಓಣಿ ಅಂದ್ರ ನನ್ನ ಓಣಿ ಇದ್ದಂಗಲ್ಲೇನ್ರಿ?”

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ದೇವರನ್ನೊಂದು ಮಾತು ಕೇಳ್ರಿ” ಎಂದೆ.

ನಮ್ಮ ಓಣಿಯ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ಅಯ್ಯನವರು ದೇವರ ಎಡಬಲಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂಡಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ದೇವರು ಒಪ್ಪಿದ ಹಾಗೆ. ಬೀಗರು “ನಿಲ್ಲಲೇನಪಾ ತಂದಿ?” ಎಂದು ಕೇಳಿದರು. ಬಲಗಡೆಯ ಹೂ ಟಪ್ಪನೆ ಬಿತ್ತು. ನಾಮಪತ್ರ ಹಾಕಿದರು.

ಹಾಕಿದ ಮೇಲೆ ಬೀಗರಿಗೆ ಹಿಂಜರಿಕೆ ಶುರುವಾಯಿತು. ಮನೆಯಲ್ಲಿ ಬೀಗತಿಯವರು ಮಾತು ಬಿಟ್ಟಿದ್ದರು. ನಾಮಪತ್ರ ಹಿಂದೆ ತೆಗೆದುಕೊಳ್ಳುವ ಕೊನೆಯ ದಿನದ ಹಿಂದಿನ ಸಂಜೆ ಮತ್ತೆ ಗುಡಿಗೆ ಬಂದು, “ಹಿಂದ ಸರೀಲೇನಪಾ ತಂದಿ?” ಎಂದು ಕೇಳಿದರು. ಮತ್ತೆ ಬಲಗಡೆಯ ಹೂವೇ ಟಪ್ಪನೆ ಬಿತ್ತು.

“ಅಯ್ಯಾವ್ರ, ಇದೇನ್ರಿ? ನಿಲ್ಲಂತಲೂ ಹೇಳ್ತಾನ, ಹಿಂದ ಸರಿ ಅಂತಲೂ ಹೇಳ್ತಾನ!”

ಅಯ್ಯನವರು ಗರ್ಭಗುಡಿಯೊಳಗೆ ಆ ಕಡೆ ಈ ಕಡೆ ನೋಡಿದರು. “ದೇವರದೇನೂ ತಪ್ಪಿಲ್ರಿ. ಎಡಕ್ಕ ಕಿಡಕಿ ಐತಿ ನೋಡ್ರಿ, ಸಂಜಿಮುಂದ ಗಾಳಿ ಸೀದಾ ಬಲಗಡಿ ಹೂವಿಗೇ ಬಡೀತೈತಿ. ನಾಳೆ ಸಂಜಿಗೆ ಬರ್ರಿ, ಕಿಡಕಿ ಹಾಕಿ ಕೇಳೂಣು.”

ಮರುದಿನ ಸಂಜೆ ಕಿಟಕಿ ಹಾಕಿ ಕೇಳಿದರು. ಹೂ ಎಡಕ್ಕೆ ಬಿತ್ತು, ಸರಿಯಬೇಡ ಎಂದು. ಬೀಗರಿಗೂ ಸಮಾಧಾನವಾಯಿತು. ಯಾಕೆಂದರೆ ಸರಿಯುವ ಅವಧಿ ಮಧ್ಯಾಹ್ನವೇ ಮುಗಿದಿತ್ತು.

ಬಡಿದ ರೊಟ್ಟಿ, ಲಟ್ಟಿಸಿದ ರೊಟ್ಟಿ

ಪಕ್ಷದವರಿಗೆ ಗುರುತು ಮೊದಲೇ ಇರುತ್ತದೆ. ಪಕ್ಷೇತರರಿಗೆ ಉಳಿದದ್ದರಲ್ಲಿ ಒಂದು. ಬೀಗರು ಟ್ರ್ಯಾಕ್ಟರ್ ಬೇಡಿದರು, ತೆಂಗಿನಕಾಯಿ ಬೇಡಿದರು. ಕೈಗೆ ಬಂದದ್ದು ಲಟ್ಟಣಿಗೆ.

“ಹೆಣ್ಣುಮಕ್ಕಳ ಮತಾ ಎಲ್ಲಾ ನಂದ ಬಿಡ್ರಿ” ಎಂದು ತಮಗೆ ತಾವೇ ಧೈರ್ಯ ಹೇಳಿಕೊಂಡು, ಅಂಗಡಿಯಿಂದ ಒಂದು ಹೊಸ ಲಟ್ಟಣಿಗೆ ತಂದು, ಅದನ್ನು ಗದೆಯ ಹಾಗೆ ಹೆಗಲಿಗಿಟ್ಟುಕೊಂಡು ನಮ್ಮ ಓಣಿಗೆ ಬಂದರು. ಬಂದದ್ದು ನಳದ ನೀರು ಬರುವ ದಿನ. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ಕೊಡ, ಪೈಪು ಹಿಡಿದು ಹೊರಗೇ ಇರುತ್ತಾರೆ. ಬೀಗರ ಲೆಕ್ಕ ಸರಿಯಾಗಿಯೇ ಇತ್ತು.

“ಅವ್ವಾರ, ಅಕ್ಕಾರ, ಲಟ್ಟಣಿಗಿ ಗುರುತಿಗೆ ನಿಮ್ಮ ಮತಾ!”

ಎದುರು ಮನೆಯ ಅಜ್ಜಿ ಕೊಡ ಕೆಳಗಿಟ್ಟಳು. “ಯಪ್ಪಾ, ಲಟ್ಟಣಿಗಿ ನಮಗ್ಯಾಕ? ಜ್ವಾಳದ ರೊಟ್ಟಿ ಕೈಲೆ ಬಡದು ಮಾಡಾವ್ರು ನಾವು. ಲಟ್ಟಿಸಿದ ರೊಟ್ಟಿ ಅದೂ ಒಂದು ರೊಟ್ಟಿ ಏನು?”

ಅಜ್ಜಿಯ ಸೊಸೆ ಪೈಪು ಹಿಡಿದುಕೊಂಡೇ ಅಂದಳು: “ಯಾಕ್ರಿ ಅತ್ತಿ, ಲಟ್ಟಿಸಿದ್ದು ತೆಳ್ಳಗಾಕ್ಕೈತಿ, ಛಲೋ ಉಬ್ಬತೈತಿ. ನಿನ್ನೆ ನೀವು ಉಂಡಿದ್ದೂ ಅದ.”

“ಏನಂದಿ? ನನಗ ಲಟ್ಟಿಸಿದ್ದು ಉಣ್ಣಾಕ ಹಾಕಿದ್ಯಾ? ಅದಕ್ಕ ರಾತ್ರೆಲ್ಲಾ ಹೊಟ್ಟಿ ಗುಡು ಗುಡು ಅಂತು!”

ನೋಡನೋಡುತ್ತಿದ್ದಂತೆ ಓಣಿ ಎರಡು ಭಾಗವಾಯಿತು. ಅತ್ತೆಯರೆಲ್ಲ ಬಡಿದ ರೊಟ್ಟಿಯ ಕಡೆ, ಸೊಸೆಯಂದಿರೆಲ್ಲ ಲಟ್ಟಿಸಿದ ರೊಟ್ಟಿಯ ಕಡೆ. ಕೊಡ ತುಂಬಿ ನೀರು ಗಟಾರಕ್ಕೆ ಹರಿಯಿತು. ಬೀಗರು ನಡುವೆ ನಿಂತು ಕೈ ಮುಗಿದು, “ಎರಡೂ ಛಲೋರಿ, ಎರಡೂ ಛಲೋ” ಎಂದರು.

ಅಲ್ಲಿಯವರೆಗೆ ಜಗಳಾಡುತ್ತಿದ್ದ ಅತ್ತೆ ಸೊಸೆ ಇಬ್ಬರೂ ಒಂದಾಗಿ ಅವರ ಕಡೆ ತಿರುಗಿದರು. “ಇಷ್ಟಕ್ಕ ಒಂದ ಮಾತು ಹೇಳಾಕ ಆಗದವ್ರು, ಪಾಲಿಕಿಗೆ ಹೋಗಿ ಏನ್ ಹೇಳ್ತೀರಿ?”

ಒಂಟಿ ಎತ್ತು

ಸಂಜೆ ಗುಡಿಯ ಕಟ್ಟೆಯ ಮೇಲೆ ಇದೇ ಮಾತು: ಪಕ್ಷೇತರನಿಗೆ ಮತ ಹಾಕಬೇಕೋ ಬೇಡವೋ. ಉಪ್ಪಿನಬೆಟಗೇರಿಯಿಂದ ನಮ್ಮ ಅಣ್ಣ ಬಂದಿದ್ದ. ಹೊಲಮನೆ ನೋಡಿಕೊಂಡು ಇರುವವನು. ಕಟ್ಟೆಯ ಪಕ್ಕದಲ್ಲೇ ಗ್ಯಾರೇಜು ಇಟ್ಟಿರುವ ನಮ್ಮ ಮಿಸ್ತ್ರಿ ಸಂಜೆಯ ನಮಾಜು ಮುಗಿಸಿ ಬಂದು ಕುಳಿತಿದ್ದ.

ಅಣ್ಣ ಎಲೆ ಅಡಿಕೆ ಹಾಕಿಕೊಂಡು ಹೇಳಿದ: “ಒಂಟಿ ಎತ್ತು ಕೂರಿಗಿ ಎಳದದ್ದು ಎಲ್ಲೆರ ನೋಡೀರೇನು? ಪಕ್ಷೇತರ ಅಂದ್ರ ಒಂಟಿ ಎತ್ತು. ಮತಾ ಹಾಳು.”

ಮಿಸ್ತ್ರಿ ನಕ್ಕ. “ಜೋಡೆತ್ತೂ ನೋಡೇವಲ್ರಿ ಅಣ್ಣಾರ. ಒಂದು ಇತ್ತಾಗ ಎಳೀತೈತಿ, ಒಂದು ಅತ್ತಾಗ. ನಮ್ಮ ರಸ್ತಾ ಹಂಗ ಬಿದ್ದೈತಿ. ನನ್ನ ಗ್ಯಾರೇಜಿಗೆ ಗಾಡಿ ಬಂದ್ರ ಮ್ಯಾಲೆ ಕಂಪನಿ ಹೆಸರು ಏನೈತಿ ಅಂತ ನಾ ನೋಡಂಗಿಲ್ರಿ. ಚಾಲೂ ಮಾಡಿ ಇಂಜಿನ್ ಸಪ್ಪಳಾ ಕೇಳ್ತೇನಿ.”

ಆ ಮಾತು ನನಗೆ ಹಿಡಿಸಿತು. ಯಾವ ಪಕ್ಷ, ಯಾವ ಪಕ್ಷೇತರ ಎನ್ನುವುದಕ್ಕಿಂತ ಆ ಮನುಷ್ಯ ಹೇಗೆ ನಡೆಯುತ್ತಾನೆ ಎಂದು ನೋಡುವುದೇ ಧರ್ಮ ಎನಿಸಿತು. ಅಷ್ಟರಲ್ಲಿ ಬೀಗರ ಪ್ರಚಾರದ ಆಟೋ ಓಣಿಯೊಳಗೆ ಬಂತು. ಮೈಕು ಸ್ವತಃ ಬೀಗರ ಕೈಯಲ್ಲಿ. ಗುಡಿಯ ಪಾರಿವಾಳಗಳೆಲ್ಲ ಎದ್ದು ಹಾರಿಹೋದವು.

ಅಣ್ಣ ಮಿಸ್ತ್ರಿಯನ್ನು ಕೇಳಿದ: “ಹಂಗಾದ್ರ ನಮ್ಮ ಬೀಗರ ಇಂಜಿನ್ ಹೆಂಗೈತಿ ಹೇಳಪಾ.”

ಮಿಸ್ತ್ರಿ ನನ್ನ ಮುಖ ನೋಡಿದ. ಸಂಬಂಧದ ಮಾತು, ಕೆಡಿಸಬಾರದು. ತುಸು ಹೊತ್ತು ಕಿವಿಗೊಟ್ಟು ಕೇಳಿ ಹೇಳಿದ: “ಹಾರನ್ ಭಾಳ ಛಲೋ ಐತ್ರಿ.”

ಒಳ್ಳೇದಾಗಲಿ

ಯಾರು ಮನೆಗೆ ಬಂದರೂ ಹಣೆಗೆ ವಿಭೂತಿ ಹಚ್ಚಿ “ಒಳ್ಳೇದಾಗಲಿ” ಎನ್ನುವುದು ನಮ್ಮ ತಂದೆಯ ಕಾಲದಿಂದ ಬಂದ ರೂಢಿ. ಹಾಲು ಹಾಕುವವನಿಗೂ ಅದೇ, ಕರೆಂಟ್ ಬಿಲ್ಲಿನವನಿಗೂ ಅದೇ. ಹಾಗಾಗಿ ಓಟು ಕೇಳಲು ಬಂದವರಿಗೂ ಅದನ್ನೇ ಮಾಡಿದೆ. ಒಂದು ಪಕ್ಷದವರು ಬಂದರು: ವಿಭೂತಿ, ಒಳ್ಳೇದಾಗಲಿ. ಮತ್ತೊಂದು ಪಕ್ಷದವರು ಬಂದರು: ವಿಭೂತಿ, ಒಳ್ಳೇದಾಗಲಿ. ಇವರೆಲ್ಲ ಜೊತೆಗೆ ಫೋಟೋದವನನ್ನು ಕರೆದುಕೊಂಡು ಬರುತ್ತಾರೆಂದು ನನಗೇನು ಗೊತ್ತು?

ಸಂಜೆಯೊಳಗೆ ನನ್ನ ಫೋಟೋ ಎಲ್ಲರ ಮೊಬೈಲಿನಲ್ಲಿ. ಎಲ್ಲ ಪಕ್ಷದ ಹುರಿಯಾಳುಗಳ ಹಣೆಯ ಮೇಲೂ ನನ್ನ ಕೈ. ಎಲ್ಲದರ ಕೆಳಗೂ ಒಂದೇ ಒಕ್ಕಣೆ: ಹಿರಿಯರ ಆಶೀರ್ವಾದ ನಮಗೇ!

ಮರುದಿನ ಸಂಜೆ ಧಾರವಾಡದಿಂದ ಮಗಳ ಫೋನು ಬಂತು. ದನಿ ಸಣ್ಣದಾಗಿತ್ತು.

“ಅಪ್ಪಾ, ಮಾವಾರು ಫೋಟೋ ನೋಡ್ಯಾರ. ಮಧ್ಯಾಹ್ನ ಊಟಕ್ಕ ಏಳಲಿಲ್ಲ. ‘ನಿಮ್ಮಪ್ಪ ವಿಭೂತಿ ಹಚ್ಚಿಕೊಂಡು ಸುಳ್ಳು ಹೇಳಾವ್ರಲ್ಲ, ಫಲಿತಾಂಶ ಆದ ಮ್ಯಾಲೆ ನಾನ ಹೋಗಿ ಯಾರಿಗೆ ಹಾಕಿದ್ರಿ ಅಂತ ಕೇಳ್ತೇನಿ’ ಅಂದಾರ. ನೋಡಪಾ, ಈ ಮನ್ಯಾಗ ಇರಾಕಿ ನಾನು.”

ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಸುಳ್ಳು ಹೇಳುವ ಹಾಗಿಲ್ಲ, ಬೇರೆಯವರಿಗೆ ಹಾಕಿ ಖರೇ ಹೇಳಿದರೆ ಮಗಳ ಮನೆಯಲ್ಲಿ ಏನಾದೀತೋ. ನನ್ನ ಹೆಂಡತಿ ಮಾತ್ರ ಗಟ್ಟಿ ಹೆಣ್ಣು. “ಇನ್ನ ಮ್ಯಾಲೆ ಯಾರು ಬಂದ್ರೂ ಯಜಮಾನ್ರು ಪೂಜಾದಾಗ ಅದಾರ ಅಂತೇನಿ” ಎಂದಳು.

“ಅದು ಸುಳ್ಳಾಕ್ಕೈತಲ್ಲ?”

“ಸುಳ್ಳ ಯಾಕಾಕ್ಕೈತಿ? ನೀವು ಕುಂಡ್ರಿ ಪೂಜಾಕ್ಕ.”

ಪ್ರಚಾರ ಮುಗಿಯುವವರೆಗೂ ಗೇಟು ಸಪ್ಪಳವಾದರೆ ಸಾಕು, ಓಡಿ ಹೋಗಿ ದೇವರ ಮುಂದೆ ಕೂಡುತ್ತಿದ್ದೆ. ಓಣಿಯವರು ನಾನೇನೋ ದೊಡ್ಡ ವ್ರತ ಹಿಡಿದಿದ್ದೇನೆಂದು ತಿಳಿದರು. ಕೊನೆಗೊಂದು ದಿನ ಎದುರು ಮನೆಯ ಅಜ್ಜಿ ಎಲೆ, ಅಡಿಕೆ, ಕಾಯಿ ಹಿಡಿದುಕೊಂಡು ಬಂದು ನನ್ನ ಕಾಲಿಗೇ ಬಿದ್ದಳು.

ಬೀಗರು ಕೇಳಲು ಬಂದರು

ಮತದಾನದ ದಿನ ಕನ್ನಡ ಸಾಲಿಗೆ ಹೋದೆ. ಯಂತ್ರದ ಮುಂದೆ ನಿಂತಾಗ ಬೆರಳು ತಾನಾಗಿಯೇ ಲಟ್ಟಣಿಗೆಯ ಕಡೆ ಹೊರಟಿತು. ಸಂಬಂಧ ಎಂದರೆ ಸಂಬಂಧವೇ. ಆದರೆ ಕಣ್ಣು ಮುಚ್ಚಿ ಶಿವನನ್ನು ನೆನೆದಾಗ ಕಂಡದ್ದು ಬೇರೆ ಮುಖ. ಕಳೆದ ಮಳೆಗಾಲ ಗಟಾರ ತುಂಬಿ ನಮ್ಮ ಪಡಸಾಲೆಗೆ ಬಂದಾಗ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಆ ನೀರಿನಲ್ಲೇ ಇಳಿದು ಬಂದ ಮನುಷ್ಯನ ಮುಖ. ಅವನೂ ನಿಂತಿದ್ದ, ಒಂದು ಪಕ್ಷದಿಂದ. ಪಕ್ಷ ನೋಡಲಿಲ್ಲ, ಚಪ್ಪಲಿ ಹಿಡಿದ ಕೈ ನೋಡಿ ಒತ್ತಿದೆ. ಹೊರಗೆ ಬರುವಾಗ ಮನಸ್ಸು ಹಗುರ, ಕಾಲು ಭಾರ.

ಬೀಗರು ಸೋತರು. ಸುದ್ದಿ ತಿಳಿದಕೂಡಲೇ ಬೀಗತಿಯವರು ದೇವರಿಗೆ ತುಪ್ಪದ ದೀಪ ಹಚ್ಚಿ, ಗಂಡನೊಡನೆ ಮತ್ತೆ ಮಾತು ಶುರು ಮಾಡಿದರಂತೆ.

ಮುಂದಿನ ಸೋಮವಾರ ಬೀಗರು ಬಂದೇ ಬಿಟ್ಟರು, ಮಗಳನ್ನೂ ಕರೆದುಕೊಂಡು. ಊಟಕ್ಕೆ ಕೂಡಿಸಿದೆವು. ಮಗಳು ಬಡಿಸುತ್ತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಹೆಂಡತಿ ಒಳಗೆ ಚಪಾತಿ ಲಟ್ಟಿಸುತ್ತಿದ್ದಳು. ಬೀಗರು ತುತ್ತು ಕೈಯಲ್ಲಿ ಹಿಡಿದು, ನನ್ನ ಹಣೆಯ ವಿಭೂತಿಯನ್ನೇ ನೋಡುತ್ತ ಹೇಳಿದರು:

“ಬೀಗರ, ಒಂದ ಮಾತು ಕೇಳಾಂವ ಅದೇನಿ. ಖರೇ ಹೇಳಬೇಕು.”

“ಕೇಳ್ರಿ” ಎಂದೆ. ಮನಸ್ಸಿನಲ್ಲಿ ಶಿವ ಶಿವ.

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ದನಿ: “ಬೀಗರ, ನಿಮ್ಮ ಧಾರವಾಡ ವಾರ್ಡಿನ್ಯಾಗ ಅಕ್ಕೋರು ನಿಂತಿದ್ರಲ್ಲ, ನಿಮ್ಮ ಮಕ್ಕಳಿಗೆಲ್ಲಾ ಸಾಲ್ಯಾಗ ಕಲಿಸಿದವ್ರು, ಭಾಳ ಛಲೋ ಮನಶ್ಯಾಳು. ನೀವು ಅವರಿಗೇ ಹಾಕಿರಬೇಕಲ್ಲ?”

ಬೀಗರು ತುತ್ತು ಬಾಯಿಗಿಟ್ಟುಕೊಂಡು, ನಿರಾಳವಾಗಿ ತಲೆಯಾಡಿಸಿದರು. “ಅಕ್ಕೋರು ಬಂಗಾರದಂಥಾವ್ರು ಖರೇರಿ. ಮನೀಗೂ ಬಂದಿದ್ರು. ಆದ್ರ ಏನ್ ಮಾಡೂದ್ರಿ, ಪಕ್ಷೇತರ ನಿಂತಿದ್ರಲ್ಲ! ಪಕ್ಷೇತರಗ ಹಾಕಿ ಸುಮ್ನ ಮತಾ ಯಾಕ ಹಾಳು ಮಾಡೂದು?”

ಒಳಗೆ ಲಟ್ಟಣಿಗೆಯ ಸಪ್ಪಳ ನಿಂತಿತು. ಮಗಳ ಕೈಯಲ್ಲಿದ್ದ ಪಲ್ಯದ ಚಮಚ ಗಾಳಿಯಲ್ಲೇ ನಿಂತಿತ್ತು. ಮೊದಲು ನಕ್ಕವಳು ಅವಳು. ಸೆರಗು ಬಾಯಿಗಿಟ್ಟುಕೊಂಡಳು, ಆದರೂ ನಗು ನಿಲ್ಲಲಿಲ್ಲ. ಬೀಗರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ತಾವೇನಂದೆವು ಎಂಬುದು ಅವರಿಗೆ ನಿಧಾನವಾಗಿ, ಎತ್ತಿನ ಗಾಡಿ ದಿನ್ನೆ ಏರಿದ ಹಾಗೆ, ತಿಳಿಯುತ್ತ ಬಂತು. ಕಿವಿ ಕೆಂಪಾದವು. ಆಮೇಲೆ ಹೊಟ್ಟೆ ಅಲುಗಿತು. ಆಮೇಲೆ ನಕ್ಕರು ನೋಡಿ, ತಲೆಯ ಮೇಲಿನ ಟೊಪ್ಪಿಗೆ ಜಾರಿ ಮಜ್ಜಿಗೆಯ ವಾಟಗದಲ್ಲಿ ಬಿತ್ತು.

ಕಣ್ಣು ಒರೆಸಿಕೊಂಡು ಎಲ್ಲರೂ ಸುಮ್ಮನಾದ ಮೇಲೆ, ನಾನೇ ಧೈರ್ಯ ಮಾಡಿ ಕೇಳಿದೆ: “ಬೀಗರ, ನೀವು ಏನೋ ಕೇಳಾಂವ ಅದೇನಿ ಅಂದ್ರೆಲಾ?”

ಬೀಗರು ಟೊಪ್ಪಿಗೆ ಹಿಂಡಿ ಪಕ್ಕಕ್ಕಿಟ್ಟು, ತಾಟು ಮುಂದೆ ಸರಿಸಿದರು.

“ಏನಿಲ್ರಿ. ಇನ್ನೊಂದು ಚಪಾತಿ ಹಾಕಸ್ರಿ. ಈ ಓಣ್ಯಾಗ ಲಟ್ಟಣಿಗಿ ಕೆಲಸಾ ಮಾಡೂದು ನಿಮ್ಮ ಮನ್ಯಾಗ ಅಷ್ಟ.”